ಹತ್ತು ಗಂಟೆಯ ಗೋಡೆ

ನೀರಿನ ಇಲಾಖೆಯಲ್ಲಿ ಕೆಲಸ ಮಾಡುವ ಮನುಷ್ಯ ನೀರೇ ಬೇಡದ ಗಿಡಗಳನ್ನು ಬೆಳೆಸುತ್ತಿದ್ದರು ಅಂದರೆ ಕೇಳಿದವರು ನಾನು ಕಥೆ ಕಟ್ಟುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಕಟ್ಟುವಷ್ಟು ಜಾಣತನ ನನಗಿಲ್ಲ. ಯಡಿಯೂರು ಕೆರೆಯ ಈಚೆ, ಜಯನಗರದ ಹೊಸ ರಸ್ತೆಗಳು ಬಂದು ಮುಗಿಯುತ್ತಿದ್ದ ಕಡೆ ನಮ್ಮ ವಠಾರ. ಆರು ಮನೆ, ಒಂದು ನಲ್ಲಿ, ಒಂದು ಬಾವಿ. ಮೊದಲನೇ ಮನೆ ಅವರದು, ಎರಡನೆಯದು ನಮ್ಮದು. ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ನೀರಿನ ಮೀಟರ್ ಓದಿ ಬರೆದುಕೊಂಡು ಬರುವುದು ಅವರ ಉದ್ಯೋಗ. ವಠಾರವೆಲ್ಲ ಅವರನ್ನು ‘ಮೀಟ್ರು’ ಅಂತಲೇ ಕರೆಯುತ್ತಿತ್ತು. ಹೆಸರು ನನಗೆ ಗೊತ್ತಿಲ್ಲ ಅಂತಲ್ಲ. ಬರೆದರೆ ಅವರು ಎಲ್ಲಿದ್ದರೂ ಅಲ್ಲಿಂದಲೇ ‘ಅದೆಲ್ಲ ಯಾಕಮ್ಮ ಈಗ’ ಅಂತ ಮುಖ ಸಿಂಡರಿಸುತ್ತಾರೆ. ತೀರಿಕೊಂಡು ಬಹಳ ವರ್ಷವಾಯಿತು ಅಂತ ಕೇಳಿದ್ದೇನೆ, ಆದರೂ ನನಗೆ ಆ ಮುಖದ ಭಯ ಹೋಗಿಲ್ಲ.

ನಾನು ಆ ವಠಾರಕ್ಕೆ ಸೊಸೆಯಾಗಿ ಬಂದಾಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಂದ ಮಾರನೇ ಬೆಳಿಗ್ಗೆ ಬಾಗಿಲು ತೆಗೆದರೆ, ಖಾಕಿ ಕೋಟಿನ ಒಬ್ಬರು ರಸ್ತೆ ಕಡೆಯ ಕಲ್ಲಿನ ಗೋಡೆಗೆ ಮುಖ ಮಾಡಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಎರಡು ಬೆರಳ ನಡುವೆ ಏನನ್ನೋ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಾರೆ. ವೈದ್ಯರು ನಾಡಿ ಹಿಡಿದ ಹಾಗೆ. ಆಮೇಲೆ ನೋಡಿದರೆ ಅದು ಒಂದು ಎಲೆ. ದಪ್ಪಗೆ, ಮೊಗ್ಗಿನ ಹಾಗೆ ಉರುಟಾಗಿದ್ದ ಎಲೆ. ನಾನು ಒಳಗೆ ಬಂದು ಅತ್ತೆಯನ್ನು ‘ಪಕ್ಕದ ಮನೆಯವರಿಗೆ ಹುಷಾರಿಲ್ಲವಾ’ ಅಂತ ಮೆಲ್ಲಗೆ ಕೇಳಿದೆ. ಅತ್ತೆ ‘ಹುಷಾರಾಗೇ ಇದಾರೆ. ಗಿಡ ಗಟ್ಟಿಯಾಗಿದ್ಯಾ ಅಂತ ನೋಡ್ತಾರೆ. ನೀನು ಆ ಗೋಡೆ ಮೇಲೆ ಮಾತ್ರ ಸೀರೆ ಒಣಗಿಹಾಕ್ಬೇಡ, ಜಗಳಕ್ಕೆ ಬರ್ತಾರೆ’ ಅಂದರು. ನನಗೆ ಆ ಮನೆಯಲ್ಲಿ ಸಿಕ್ಕ ಮೊದಲನೇ ಬುದ್ಧಿಮಾತು ಅದು.

ಗೋಡೆ ಆಳೆತ್ತರ ಇತ್ತು. ಗಾರೆ ಇಲ್ಲ, ಸಿಮೆಂಟಿಲ್ಲ, ಕಲ್ಲಿನ ಮೇಲೆ ಕಲ್ಲು ಕೂತಿತ್ತು ಅಷ್ಟೆ. ಆ ಕಲ್ಲುಗಳ ಸಂದಿಗಳಿಗೆಲ್ಲ ಅವರು ಮಣ್ಣು ತುರುಕಿ ಗಿಡ ಕೂರಿಸಿದ್ದರು. ಗೋಡೆಯ ತಲೆಯ ಮೇಲೆ ವನಸ್ಪತಿ ಡಬ್ಬ, ಒಡೆದ ಹಂಡೆಯ ತಳ, ಕಿವಿ ಹೋದ ಬಾಣಲೆ, ಎಲ್ಲದರ ಅಡಿಗೂ ಮೊಳೆಯಿಂದ ತೂತು. ಅವುಗಳಿಂದ ಗಿಡಗಳು ಕೆಳಗಿಳಿದು ಜಡೆ ಬಿಟ್ಟುಕೊಂಡಿದ್ದವು. ಕೆಲವು ಮಣಿಸರದ ಹಾಗೆ, ಕೆಲವು ಕತ್ತೆಬಾಲದ ಹಾಗೆ. ಅರ್ಧಕ್ಕರ್ಧ ಗೋಡೆ ಮಾತ್ರ ಹತ್ತು ಗಂಟೆ ಹೂವಿನದು. ಬೆಳಿಗ್ಗೆ ಎಂಟಕ್ಕೆ ನೋಡಿದರೆ ಹಸಿರು ದಾರದ ಉಂಡೆ. ಬಿಸಿಲು ಏರಿ ಹತ್ತು ಗಂಟೆ ಆಯಿತು ಅಂದರೆ ಕೆಂಪು, ಹಳದಿ, ಬಿಳಿ, ರಾಣಿ ಬಣ್ಣ ಎಲ್ಲ ಒಟ್ಟಿಗೆ ಬಿಚ್ಚಿಕೊಂಡು ಇಡೀ ಗೋಡೆ ಮದುವೆ ಮನೆ ಆಗುತ್ತಿತ್ತು. ವಿಚಿತ್ರ ಅಂದರೆ ಅಷ್ಟು ಹೊತ್ತಿಗೆ ಬೆಳೆಸಿದವರು ಡ್ಯೂಟಿಗೆ ಹೋಗಿಬಿಟ್ಟಿರುತ್ತಿದ್ದರು. ವಾರದಲ್ಲಿ ಭಾನುವಾರ ಒಂದು ದಿನ ಅವರಿಗೆ ಅವರ ಹೂವಿನ ದರ್ಶನ. ಮಿಕ್ಕ ಆರು ದಿನ ಅದು ನಮ್ಮದು.

ಸಸಿಗಳನ್ನು ಅವರು ಕೊಂಡವರೇ ಅಲ್ಲ. ಮೀಟರ್ ಗುಂಡಿಯ ಮುಚ್ಚಳ ಎತ್ತಲು ಅವರ ಹತ್ತಿರ ಒಂದು ಕಬ್ಬಿಣದ ಕೊಕ್ಕೆ ಇತ್ತು. ಬಸವನಗುಡಿಯಿಂದ ಶ್ರೀನಗರದ ತನಕ ಅವರ ಕೊಕ್ಕೆ ಮುಟ್ಟದ ಕಾಂಪೌಂಡಿಲ್ಲ. ಗುಂಡಿ ಸಾಮಾನ್ಯವಾಗಿ ತೋಟದ ಮೂಲೆಯಲ್ಲೇ ಇರುತ್ತದೆ, ಕಸದ ಗುಡ್ಡೆಯ ಪಕ್ಕ. ಮನೆಯವರು ಕತ್ತರಿಸಿ ಎಸೆದ ತುಂಡು ಕಂಡರೆ ಅವರು ಬಾಗಿಲಿಗೆ ಹೋಗಿ ಕೇಳುತ್ತಿದ್ದರು. ನೆಟ್ಟಗೆ ಬೆಳೆದು ನಿಂತಿದ್ದರಿಂದ ಒಂದು ಕಡ್ಡಿ ಕೇಳಿದವರಲ್ಲ. ‘ಬಿದ್ದಿದ್ದನ್ನ ಕೇಳ್ತೀನಿ, ಬೆಳೆದಿದ್ದನ್ನ ಕೇಳಲ್ಲ’ ಅನ್ನುತ್ತಿದ್ದರು. ಆ ತುಂಡನ್ನು ಒಣ ಪೇಪರಿನಲ್ಲಿ ಸುತ್ತಿ ಅಂಗಿ ಜೇಬಿನಲ್ಲಿಟ್ಟುಕೊಂಡು ಬಂದು, ಕಿಟಕಿಯ ಮೇಲೆ ಮೂರು ದಿನ ಹಾಗೇ ಬಿಡುತ್ತಿದ್ದರು. ‘ಗಾಯ ಒಣಗ್ಲಿ. ಹಸಿ ಗಾಯ ಮಣ್ಣಿಗಿಳಿಸಿದ್ರೆ ಕೊಳೆಯುತ್ತೆ.’ ಒಂದು ಸಲ ಅವರ ಹೆಂಡತಿ ಅದನ್ನು ಗೋಣಿ ಸೊಪ್ಪು ಅಂದುಕೊಂಡು ಬೇಳೆಗೆ ಹಾಕಿಬಿಟ್ಟಿದ್ದರಂತೆ. ಮೀಟ್ರು ತುಟಿ ಪಿಟಕ್ಕೆನ್ನದೆ ಊಟ ಮಾಡಿ ಎದ್ದು, ಕೈ ತೊಳೆದ ಮೇಲೆ ‘ಇವತ್ತು ನಾವು ಡಾಕ್ಟ್ರಮ್ಮನ ಮನೆ ತಿಂದ್ವಿ’ ಅಂದರಂತೆ.

ಅದೇ ಅವರ ಇನ್ನೊಂದು ಪದ್ಧತಿ. ಗಿಡಗಳ ಇಂಗ್ಲಿಷ್ ಹೆಸರು ಅವರಿಗೆ ಗೊತ್ತಿರಲಿಲ್ಲ, ಬೇಕೂ ಇರಲಿಲ್ಲ. ತುಂಡು ಯಾವ ಮನೆಯಿಂದ ಬಂತೋ ಅದೇ ಗಿಡದ ಹೆಸರು. ಬಿಳಿ ಹೂವಿನದು ‘ಡಾಕ್ಟ್ರಮ್ಮನ ಮನೆ’. ಬೂದಿ ಬಣ್ಣದ ಮಣಿಸರ ‘ನಾಯಿ ಇರೋ ಮನೆ’. ಹಳದಿಯದು ‘ಪೆನ್ಷನ್ ಸಾಹೇಬ್ರು’. ಸಂಜೆ ಬಂದು ಕೋಟು ಬಿಚ್ಚುವ ಮುಂಚೆ ಗೋಡೆಯ ಉದ್ದಕ್ಕೂ ಒಂದು ಸಲ ನಡೆದು ವರದಿ ಒಪ್ಪಿಸುತ್ತಿದ್ದರು: ‘ನಾಯಿ ಮನೆ ಚೆನ್ನಾಗಿ ಇಳೀತಿದೆ. ಸಾಹೇಬ್ರು ಯಾಕೋ ಸ್ವಲ್ಪ ಬಾಡಿದಾರೆ.’ ಗೊತ್ತಿಲ್ಲದವರು ಕೇಳಿದರೆ ಊರ ಮೇಲಿನ ಚಾಡಿ ಅಂದುಕೊಳ್ಳಬೇಕು.

ಮಣ್ಣು ಕಲಸುವುದನ್ನು ನೋಡಬೇಕಿತ್ತು. ಜರಡಿ ಹಿಡಿದ ಮರಳು, ಇಟ್ಟಿಗೆ ಚೂರು, ಕಲ್ಲು ಕೆಲಸದವರ ಹತ್ತಿರ ಕೇಳಿ ತಂದ ಜಲ್ಲಿಪುಡಿ, ಕೊನೆಗೆ ಎಲೆಗೊಬ್ಬರ ಒಂದೇ ಹಿಡಿ. ನಮ್ಮತ್ತೆ ‘ಇದರಲ್ಲಿ ಮನೆ ಕಟ್ಬಹುದು, ಗಿಡ ಎಲ್ಲಿ ಬರುತ್ತೆ’ ಅನ್ನುತ್ತಿದ್ದರು. ಬರುತ್ತಿತ್ತು. ನೀರು ಯಾವಾಗ ಹಾಕುವುದು ಅಂತ ಕೇಳಿದರೆ ಅವರ ಉತ್ತರ ಒಂದೇ. ಎಲೆ ಸುಕ್ಕಾಗಬೇಕು, ಆಮೇಲೂ ಎರಡು ದಿನ ಕಾಯಬೇಕು, ಆಮೇಲೆ ಬುಡಕ್ಕೆ ಸ್ವಲ್ಪ. ‘ಬಾಯಾರ್ಲಿ ಬಿಡಿ ಅಮ್ಮ. ಬಾಯಾರಿದ್ರೇನೇ ಅದು ಬೇರು ಬಿಡೋದು.’

ಇದನ್ನು ಅವರು ಹೇಳುತ್ತಿದ್ದದ್ದು ಎಂಥ ಕಾಲದಲ್ಲಿ ಅಂತಲೂ ಹೇಳಬೇಕು. ನಮ್ಮ ಕಡೆ ನಲ್ಲಿಯಲ್ಲಿ ಬೆಳಿಗ್ಗೆ ಒಂದು ಗಂಟೆ ನೀರು ಬಂದರೆ ಪುಣ್ಯ. ಬೇಸಿಗೆಯಲ್ಲಿ ಅದೂ ಇಲ್ಲ, ದಾರದ ಹಾಗೆ ಇಳಿಯುತ್ತಿತ್ತು. ಕೊಡ ಸಾಲಿಗಿಟ್ಟು ನಾವು ಹೆಂಗಸರು ಆಡುತ್ತಿದ್ದ ಜಗಳ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಮೂರನೇ ಮನೆಯಾಕೆಗೂ ನನಗೂ ಒಂದು ಕೊಡ ನೀರಿಗೆ ಜಡೆ ಹಿಡಿಯುವುದೊಂದು ಬಾಕಿ. ಮೀಟ್ರು ಅದನ್ನೆಲ್ಲ ನೋಡಿಯೂ ನೋಡದವರ ಹಾಗೆ ಸೈಕಲ್ಲು ಒರೆಸುತ್ತಿದ್ದರು. ಒಂದು ಸಲ ಮಾತ್ರ ನಾಲ್ಕನೇ ಬ್ಲಾಕಿನ ದೊಡ್ಡ ಮನೆಯೊಂದರಲ್ಲಿ ಹುಲ್ಲುಹಾಸಿಗೆ ಪೈಪು ಬಿಟ್ಟು ಮಲಗಿದ್ದ ಯಜಮಾನರನ್ನು ಎಬ್ಬಿಸಿ, ‘ಸಾರ್, ನಿಮ್ಮ ಹುಲ್ಲು ಕುಡಿಯೋ ನೀರಲ್ಲಿ ನಮ್ಮ ವಠಾರ ಸ್ನಾನ ಮಾಡಬಹುದು’ ಅಂದು ಬಂದಿದ್ದರಂತೆ. ಅದಕ್ಕೆ ಮೇಲಿನವರಿಂದ ಬೈಸಿಕೊಂಡರು. ಬೈಸಿಕೊಂಡದ್ದನ್ನು ಮನೆಗೆ ಬಂದು ಹೆಮ್ಮೆಯಿಂದಲೇ ಹೇಳಿದರು.

ನಮ್ಮ ವಠಾರದ ಯಜಮಾನರು ಯಡಿಯೂರಿನ ಹಳೇ ಮನೆತನದವರು. ಬಡಾವಣೆ ಬರುವ ಮುಂಚೆ ಅಲ್ಲೆಲ್ಲ ಅವರದೇ ರಾಗಿ ಹೊಲ. ಹೊಲ ಹೋದ ಮೇಲೆ ಉಳಿದ ತುಂಡು ಜಾಗದಲ್ಲಿ ವಠಾರ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ತಲೆಗೆ ಟವೆಲ್ಲು, ಕಾಲಿಗೆ ಚಪ್ಪಲಿಯಿಲ್ಲ, ಕೋಳಿ ಕೂಗುವ ಹೊತ್ತಿಗೆ ಬಂದು ಒಂದು ಸುತ್ತು ಹಾಕಿ ಹೋಗುವ ಅಭ್ಯಾಸ. ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಬಂದವರೇ ಗೋಡೆಯ ಮೇಲೆ ಕೈಯಿಟ್ಟು, ‘ಇದ್ನ ಒಡೆದು ಎರಡು ಅಂಗಡಿ ಹಾಕ್ತೀನಿ ಮೀಟ್ರೇ. ರಸ್ತೆ ಕಡೀಕೆ ಐತೆ, ಸುಮ್ನೆ ದಂಡ ಆಗ್ತೈತೆ’ ಅಂದರು.

ಮೀಟ್ರು ವಾದ ಮಾಡಲಿಲ್ಲ. ಅವರ ಮುಖ ಮಾತ್ರ ಒಂದೇ ಕ್ಷಣದಲ್ಲಿ ಸಣ್ಣದಾಗಿಬಿಟ್ಟಿತು. ಡಬ್ಬಗಳನ್ನು ಎತ್ತಿಡಬಹುದು, ಸಂದಿಗಳಲ್ಲಿ ಬೇರೂರಿದ್ದನ್ನು ಎತ್ತುವುದಾಗದು. ಹನ್ನೊಂದು ವರ್ಷ ಭಾನುವಾರಗಳನ್ನೆಲ್ಲ ಅವರು ಆ ಗೋಡೆಗೆ ಕೊಟ್ಟಿದ್ದರು. ಮಕ್ಕಳಿಲ್ಲದ ಮನೆ ಅದು. ಆ ಮಾತನ್ನು ವಠಾರದಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಆಗ ನಮ್ಮತ್ತೆ ಒಳಗಿನಿಂದ ತಲೆಹಾಕಿ, ‘ಯಜಮಾನ್ರೇ, ಜಯನಗರದ ಸಂಘದೋರು ಯುಗಾದಿಗೆ ಮುಂಚೆ ಮನೆ ತೋಟಗಳ ಸ್ಪರ್ಧೆ ಇಟ್ಟಿದಾರೆ. ಈ ಗೋಡೆಗೆ ಪ್ರೈಜ್ ಬಂದ್ರೆ ಪೇಪರ್‌ನಲ್ಲಿ ನಿಮ್ಮ ಹೆಸರೂ ಬರುತ್ತೆ’ ಅಂದರು. ಅತ್ತೆಗೆ ಆ ಸ್ಪರ್ಧೆಯ ವಿಷಯ ಹಿಂದಿನ ದಿನವಷ್ಟೇ ಹೂವಿನವಳಿಂದ ತಿಳಿದಿತ್ತು. ಯಜಮಾನರು ಟವೆಲ್ಲು ಬಿಚ್ಚಿ ಮತ್ತೆ ಕಟ್ಟಿಕೊಂಡರು. ‘ಪೇಪರ್‌ನಾಗೆ ಬರೋ ಗೋಡೆ ನಾನ್ಯಾಕೆ ಒಡೀಲಿ? ಪ್ರೈಜ್ ತಗೊಂಬಾ, ಗೋಡೆ ಇರ್ಲಿ. ಬರ್ಲಿಲ್ಲ, ಯುಗಾದಿ ಆದ್ಮೇಲೆ ಒಡೀತೀನಿ. ಆಗಬೋದಾ?’ ಮೀಟ್ರು ‘ಆಗಬಹುದು’ ಅಂದರು.

ಆಮೇಲಿನ ಎರಡು ತಿಂಗಳು ಅವರು ಮನುಷ್ಯರ ಹಾಗೆ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಸಂದಿ ಸಂದಿ ಮುಟ್ಟಿ ನೋಡುವುದು, ತುದಿ ಚಿವುಟುವುದು, ಬೋಳಾದಲ್ಲಿ ತುಂಡು ಚುಚ್ಚುವುದು. ಶಿವರಾತ್ರಿಯ ಹೊತ್ತಿಗೆ ಗೋಡೆಯಲ್ಲಿ ಕಲ್ಲು ಕಾಣದ ಹಾಗಾಯಿತು. ನಾನು ಅಷ್ಟು ಚೆಂದದ್ದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬಸ್ಸಿಗೆ ಹೋಗುವವರು ನಿಂತು ನೋಡುತ್ತಿದ್ದರು. ‘ಯಾರದಿದು’ ಅಂತ ಕೇಳಿದರೆ ನಾನು ‘ನಮ್ಮದೇ’ ಅಂದುಬಿಡುತ್ತಿದ್ದೆ.

ಅಷ್ಟರಲ್ಲಿ ತಿಪಟೂರಿನಲ್ಲಿ ಅವರ ನಾದಿನಿಯ ಮದುವೆ ಬಂತು. ಮೀಟ್ರು ಹೋಗುವುದಿಲ್ಲ ಅಂತ ಕೂತರು. ಅವರ ಹೆಂಡತಿ ಮಾತು ಕಮ್ಮಿ. ಅವತ್ತು ಮಾತ್ರ ವಠಾರಕ್ಕೆಲ್ಲ ಕೇಳುವ ಹಾಗೆ ‘ನೀವು ತಾಳಿ ಕಟ್ಟಿದ್ದು ನನಗಾ ಆ ಗೋಡೆಗಾ?’ ಅಂದರು. ಮೀಟ್ರು ಹನ್ನೆರಡು ದಿನ ರಜ ಹಾಕಿ, ಟ್ರಂಕು ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

‘ಅಮ್ಮ, ಗೋಡೆ ನೋಡ್ಕೋಬೇಕು ನೀವು.’

‘ಏನು ಮಾಡ್ಲಿ ಹೇಳಿ.’

‘ಏನೂ ಮಾಡ್ಬೇಡಿ.’

‘ನೀರು?’

‘ಅದನ್ನೇ ಮಾಡ್ಬೇಡಿ ಅಂತ ಹೇಳಿದ್ದು.’

ಆಗಲಿ ಅಂದೆ. ಎಷ್ಟು ಸುಲಭದ ಕೆಲಸ. ಜೀವಮಾನದಲ್ಲಿ ನನಗೆ ಒಬ್ಬರು ಒಪ್ಪಿಸಿದ ಅತಿ ಸುಲಭದ ಕೆಲಸವೂ ಅದೇ, ಅತಿ ಕೆಟ್ಟದಾಗಿ ಮಾಡಿದ ಕೆಲಸವೂ ಅದೇ.

ನಮ್ಮ ಹೆಂಗಸರ ಕೈ ನಿಮಗೆ ಗೊತ್ತಲ್ಲ. ಬೆಳಿಗ್ಗೆ ಸ್ನಾನ ಮಾಡಿ ತುಳಸಿಗೆ ನೀರೆರೆದು ಮೂರು ಸುತ್ತು ಬಂದ ಮೇಲೆ ಚೊಂಬಿನಲ್ಲಿ ಎರಡು ಗುಟುಕು ಉಳಿದಿರುತ್ತದೆ. ಅದನ್ನು ಹತ್ತಿರದ ಯಾವುದೋ ಗಿಡಕ್ಕೆ ಹಾಕದಿದ್ದರೆ ಕೈಗೆ ಸಮಾಧಾನವಿಲ್ಲ. ಮೂರನೇ ದಿನ ಬಿಸಿಲಿಗೆ ಎಲೆ ಸುಕ್ಕಾದದ್ದು ನೋಡಿದೆ. ಅವರು ಸುಕ್ಕಾಗಲಿ ಅಂದಿದ್ದು ಜ್ಞಾಪಕ ಇತ್ತು. ಆದರೆ ಜ್ಞಾಪಕ ಇರುವುದು ಬೇರೆ, ಕಣ್ಣೆದುರು ಒಂದು ಜೀವ ಬಾಡುವುದನ್ನು ನೋಡಿಕೊಂಡು ನೀರುಳಿದ ಚೊಂಬನ್ನು ಹಾಗೇ ಒಳಗೆ ತೆಗೆದುಕೊಂಡು ಹೋಗುವುದು ಬೇರೆ. ಸ್ಪರ್ಧೆ ಹತ್ತಿರ ಬಂತು, ಗೋಡೆ ಬಾಡಿದರೆ ಗೋಡೆಯೇ ಹೋಗುತ್ತದೆ. ಒಂದೇ ಚೊಂಬು ಅಂದುಕೊಂಡು ಹಾಕಿದೆ. ಮಾರನೇ ದಿನ ಎಲೆಗಳು ತುಂಬಿಕೊಂಡು ಮಿನುಗಿದವು. ನನಗೆ ಎಷ್ಟು ಖುಷಿಯಾಯಿತು ಅಂದರೆ ದಿನಾ ಹಾಕಿದೆ.

ಒಂಬತ್ತನೇ ದಿನ ‘ಪೆನ್ಷನ್ ಸಾಹೇಬ್ರು’ ಗಾಜಿನ ಹಾಗೆ ಪಾರದರ್ಶಕವಾದರು. ಮುಟ್ಟಿದರೆ ಬೆರಳು ಒಳಗೆ ಹೋಯಿತು. ಹತ್ತನೇ ದಿನ ಗೋಡೆಯ ಹತ್ತಿರ ಒಂದು ಕೆಟ್ಟ ವಾಸನೆ. ಒಂದು ಚೊಂಬಿಗೆ ಇಷ್ಟೆಲ್ಲ ಹೇಗಾಯಿತು ಅಂತ ನನಗೆ ಅರ್ಥವೇ ಆಗಲಿಲ್ಲ.

ಹನ್ನೆರಡನೇ ದಿನ ಅವರು ಬಂದರು. ಸ್ಪರ್ಧೆಗೆ ಇನ್ನು ನಾಲ್ಕು ದಿನ. ಟ್ರಂಕು ಕೆಳಗಿಡದೆ ಗೋಡೆಯ ಉದ್ದಕ್ಕೂ ಒಂದು ಸಲ ನಡೆದರು. ಮಣಿಸರವನ್ನು ಎತ್ತಿ ಹಿಡಿದರೆ ಮಣಿಯೆಲ್ಲ ಜಾರಿ ನೆಲಕ್ಕೆ ಬಿತ್ತು, ದಾರ ಕೈಯಲ್ಲಿ ಉಳಿಯಿತು. ತಿರುಗಿ ನಿಂತು ‘ಯಾರು ಹಾಕಿದ್ದು?’ ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

‘ನಾನೇ. ದಿನಾ ಒಂದು ಚೊಂಬು.’

‘ಒಂದು ಚೊಂಬಿಗೆ ಹೀಗಾಗಲ್ಲ.’

ಆಗ ನಮ್ಮತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ‘ನಾನೂ ಒಂದು ಹಾಕ್ತಿದ್ದೆ. ಇವಳಿಗೆ ಗೊತ್ತಾಗದ ಹಾಗೆ.’ ನಾನು ಬಾಯಿ ಬಿಟ್ಟುಕೊಂಡು ಅವರನ್ನು ನೋಡಿದೆ. ಅಷ್ಟರಲ್ಲಿ ಮೂರನೇ ಮನೆಯ ಬಾಗಿಲಿನಿಂದ, ‘ಮಧ್ಯಾಹ್ನ ಒಂದು ಚೊಂಬು, ಅಕ್ಕಿ ತೊಳೆದಿದ್ದು’ ಅಂತ ದನಿ ಬಂತು. ನಾಲ್ಕನೇ ಮನೆಯಾಕೆ ಸಂಜೆ ದೀಪ ಹಚ್ಚುವ ಮುಂಚೆ ಹಾಕುತ್ತಿದ್ದರು. ಐದನೇ ಮನೆಯಾಕೆ ಎಲ್ಲರೂ ಏಳುವ ಮುಂಚೆ. ಆರನೇ ಮನೆಯಾಕೆ ಅಳುವುದಕ್ಕೇ ಶುರುಮಾಡಿದ್ದರಿಂದ ಅವರದು ಯಾವ ಹೊತ್ತು ಅಂತ ಕೇಳಲಾಗಲಿಲ್ಲ. ಆರು ಜನ, ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು, ಬಾವಿಯ ತಳ ಕಾಣುತ್ತಿದ್ದ ಬೇಸಿಗೆಯಲ್ಲಿ, ದಿನಕ್ಕೆ ಆರು ಚೊಂಬು.

ಮೀಟ್ರು ಟ್ರಂಕು ಕೆಳಗಿಟ್ಟು ಅದರ ಮೇಲೆಯೇ ಕೂತರು. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ‘ನಲ್ಲಿ ಹತ್ರ ಒಂದು ಕೊಡಕ್ಕೆ ಕಿತ್ತಾಡ್ತಿದ್ದೋರು ನೀವೇ ತಾನೆ?’ ಅಂತ ಕೇಳಿದರು. ಅವರು ಮುಖ ಒರೆಸಿಕೊಂಡರು. ಬೆವರೋ ಏನೋ ನನಗೆ ತಿಳಿಯದು. ನೀರಿನ ಬೆಲೆ ಆ ವಠಾರದಲ್ಲಿ ಅವರಷ್ಟು ಬಲ್ಲವರು ಇನ್ಯಾರೂ ಇರಲಿಲ್ಲ.

ನಾನು ಅಳುತ್ತಾ ‘ನಿಮ್ಮ ಗೋಡೆ ಕಳೆದುಬಿಟ್ಟೆ’ ಅಂದೆ. ಅವರು ಒಳಗೆ ಹೋಗಿ ಎರಡು ಚಾಕು ತಂದು ಒಂದನ್ನು ನನ್ನ ಕೈಗೆ ಕೊಟ್ಟರು. ‘ಅಳ್ಬೇಡಿ ಅಮ್ಮ. ಇದಕ್ಕೆ ಆ ನೀರೂ ಆಗಲ್ಲ. ಮೆತ್ತಗಾಗಿದ್ದೆಲ್ಲ ಕೊಯ್ದು ಹಾಕಿ, ಗಟ್ಟಿ ಇರೋ ಕಡೆಗೆ ನಿಲ್ಲಿಸಿ.’ ಸಂಜೆಯ ತನಕ ಕತ್ತರಿಸಿದೆವು. ಮುಗಿದಾಗ ಗೋಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರಿ ಕಲ್ಲು.

ಮಾರನೇ ದಿನ ಅತ್ತೆ ಒಂದು ಉಪಾಯ ತೆಗೆದರು. ಮೀಟ್ರು ತಾವು ಬೆಳೆಸಿದ್ದರಲ್ಲಿ ಎಷ್ಟೋ ಮನೆಗಳಿಗೆ ತುಂಡು ಕೊಟ್ಟಿದ್ದರು. ಆ ಮನೆಗಳಲ್ಲಿ ಅವು ಬೆಳೆದ ಡಬ್ಬಗಳನ್ನು ಎರಡು ದಿನದ ಮಟ್ಟಿಗೆ ತಂದು ಜೋಡಿಸಿದರೆ ಬೋಳು ಮುಚ್ಚಿಹೋಗುತ್ತದೆ, ಯಾರಿಗೆ ತಿಳಿಯುತ್ತದೆ? ಮೀಟ್ರು ತಲೆಯಾಡಿಸಿದರು. ‘ಕೊಟ್ಟ ಮೇಲೆ ಅದು ಅವರ ತೋಟ. ಅವರ ತೋಟ ತಂದು ನಂದು ಅನ್ನೋದು ಹೇಗೆ?’ ನಾಲ್ಕನೇ ಮನೆಯವರು ಬರಿ ಕಲ್ಲಿಗೆ ಸುಣ್ಣ ಹೊಡೆದು ಕೆಮ್ಮಣ್ಣಿನ ಪಟ್ಟೆ ಎಳೆದರೆ ಲಕ್ಷಣವಾಗಿರುತ್ತದೆ ಅಂದರು. ಅದಕ್ಕೂ ಮೀಟ್ರು ಬೇಡ ಅಂದರು. ಯಜಮಾನರನ್ನು ಕೇಳಿಕೊಳ್ಳಿ, ಇನ್ನೊಂದು ವರ್ಷ ಗಡುವು ಕೊಡುತ್ತಾರೆ ಅಂದೆ ನಾನು. ‘ಮಾತು ಆಗೋಗಿದೆ’ ಅಂದರು. ಹಟಮಾರಿ. ಆ ಕ್ಷಣ ಎಷ್ಟು ಕೋಪ ಬಂತೆಂದರೆ ಇನ್ನೊಂದು ಚೊಂಬು ನೀರು ತಂದು ಅವರ ತಲೆಗೇ ಸುರಿಯಬೇಕು ಅನ್ನಿಸಿತು.

ತೀರ್ಪುಗಾರರು ಬೆಳಿಗ್ಗೆ ಎಂಟೂವರೆಗೇ ಬಂದುಬಿಟ್ಟರು. ಮೂವರು. ಮುಂದೆ ಇದ್ದವರಿಗೆ ಹ್ಯಾಟು, ಕೈಯಲ್ಲಿ ಕೋಲು. ವಠಾರದ ಆರು ಹೆಂಗಸರೂ ಬಾಗಿಲ ಸಂದಿಯಲ್ಲಿ ನಿಂತಿದ್ದೆವು.

‘ತೋಟ ಎಲ್ರೀ?’ ಅಂದರು ಹ್ಯಾಟಿನವರು.

‘ಇದೇ ಸಾರ್.’

‘ಇದು ಗೋಡೆ.’

‘ಗೋಡೆನೂ ನೆಲಾನೇ ಸಾರ್. ಎದ್ದು ನಿಂತಿದೆ ಅಷ್ಟೆ.’

ಹಿಂದಿದ್ದ ಒಬ್ಬರು ನಕ್ಕರು. ಹ್ಯಾಟಿನವರು ನಗಲಿಲ್ಲ. ಕೋಲಿನಲ್ಲಿ ಒಂದು ಜಡೆಯನ್ನು ಎತ್ತಿ ‘ಗೋಣಿ ಸೊಪ್ಪಿನ ಹಾಗಿದೆ. ಹೂವೇ ಇಲ್ಲ’ ಅಂದರು.

‘ಇವು ಆಫೀಸ್ ಟೈಮಿನ ಹೂ ಸಾರ್. ಹತ್ತು ಗಂಟೆಗೆ ಬರ್ತವೆ. ತಾವು ಇನ್ನೊಂದ್ಸಲ ಈ ಕಡೆ ಬಂದ್ರೆ…’

‘ಇನ್ನೂ ಎಷ್ಟೋ ಮನೆ ಬಾಕಿ ಇದೆ. ಅದಿರ್ಲಿ, ಇದೇನು ಇಷ್ಟೊಂದು ಬೋಳು?’

ನನ್ನ ಹೆಸರು ಹೇಳಿಬಿಡಲಿ, ಆಚೆ ಬಂದು ಒಪ್ಪಿಕೊಳ್ಳೋಣ ಅಂತ ಬಾಗಿಲು ಹಿಡಿದುಕೊಂಡು ಸಿದ್ಧವಾದೆ. ಮೀಟ್ರು ತಮ್ಮ ಖಾಕಿ ಟೋಪಿ ತೆಗೆದು ಕೈಯಲ್ಲಿ ಹಿಡಿದು, ನೆಟ್ಟಗೆ ನಿಂತು ಹೇಳಿದರು: ‘ನಾನು ಊರಲ್ಲಿ ಇರ್ಲಿಲ್ಲ ಸಾರ್. ಈ ಬೇಸಿಗೆಯಲ್ಲಿ ನಮ್ಮ ವಠಾರದೋರು ತಮ್ಮ ಕುಡಿಯೋ ನೀರು ತಂದು ಇದಕ್ಕೆ ಹಾಕಿದಾರೆ. ಜಾಸ್ತಿ ಆಯ್ತು. ಬೇರೆ ತೋಟಗಳಲ್ಲಿ ನೀರಿಲ್ದೆ ಗಿಡ ಹೋಗಿರುತ್ತೆ, ನಮ್ಮಲ್ಲಿ ಹೀಗೆ ಹೋಗಿದೆ.’

ಅವತ್ತು ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಹೆಮ್ಮೆ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಬೆನ್ನು ನೆಟ್ಟಗಾಗುತ್ತದೆ. ನನ್ನ ತಪ್ಪನ್ನು ಮುಚ್ಚಿಹಾಕಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಪ್ಪನ್ನೂ ಮುಚ್ಚದೆ ನನ್ನ ತಲೆಯನ್ನೂ ತಗ್ಗಿಸದೆ ಮಾತಾಡಿದವರು ಅವರೊಬ್ಬರೇ.

ಪ್ರೈಜು ಹುಲ್ಲುಹಾಸಿದ್ದ ಆ ನಾಲ್ಕನೇ ಬ್ಲಾಕಿನ ಮನೆಗೆ ಹೋಯಿತು. ಪಟ್ಟಿಯಲ್ಲಿ ನಮ್ಮ ವಠಾರದ ಹೆಸರಿನ ಎದುರಿಗೆ ‘ತೋಟವಿಲ್ಲ’ ಅಂತ ಬರೆದಿದ್ದರಂತೆ. ಮೀಟ್ರು ಮುಂದಿನ ವಾರ ಆ ಮನೆಗೆ ಮೀಟರ್ ಓದಲು ಹೋದಾಗ ಅಲ್ಲಿನ ಯಜಮಾನರಿಗೆ ಕೈಮುಗಿದು ‘ತೋಟ ತುಂಬಾ ಚೆನ್ನಾಗಿದೆ ಸಾರ್. ಮೀಟರೂ ಚೆನ್ನಾಗಿ ಓಡ್ತಿದೆ’ ಅಂತ ಹೇಳಿ ಬಂದರು. ಬೇಸರವನ್ನು ಅವರು ಅದಕ್ಕಿಂತ ಹೆಚ್ಚು ಆಚೆ ಹಾಕಲಿಲ್ಲ. ಆದರೆ ಒಡೆಯುವುದು ಖಚಿತ ಅಂತ ಗೊತ್ತಿದ್ದೂ ದಿನಾ ಬೆಳಿಗ್ಗೆ ಗೋಡೆಯ ಮುಂದೆ ಕೂತು ಎಲೆ ಹಿಡಿದು ನೋಡುವುದನ್ನು ಬಿಡಲಿಲ್ಲ. ನಾವು ಕೊಯ್ದು ನಿಲ್ಲಿಸಿದ ಕಡೆ ಸಾಸಿವೆ ಗಾತ್ರದ ಚಿಗುರು ಬಂದಿತ್ತು. ನೆಲಕ್ಕೆ ಉದುರಿದ ಮಣಿಗಳೂ ಬೇರು ಬಿಟ್ಟಿದ್ದವು. ‘ಇದಕ್ಕೆ ಯಾವ ಮನೆ ಹೆಸರು?’ ಅಂತ ಕೇಳಿದೆ. ‘ಆರು ಚೊಂಬು’ ಅಂದರು.

ಯುಗಾದಿ ಕಳೆದ ಮೇಲಿನ ಭಾನುವಾರ. ಮೀಟ್ರು ಬೆಳಿಗ್ಗೆಯೇ ಡಬ್ಬಗಳನ್ನೆಲ್ಲ ಗೋಡೆಯಿಂದ ಇಳಿಸಿ ಜಗಲಿಯ ಮೇಲೆ ಜೋಡಿಸಿಟ್ಟಿದ್ದರು, ಆಳುಗಳಿಗೆ ತೊಂದರೆಯಾಗಬಾರದು ಅಂತ. ಯಜಮಾನರು ಹಾರೆ ಹಿಡಿದ ಇಬ್ಬರನ್ನು ಕರೆದುಕೊಂಡು ಬಂದರು. ಯಾವಾಗಲೂ ನಸುಕಿನಲ್ಲಿ ಬರುವವರು ಅವತ್ತು ಆಳು ಸಿಗುವುದು ತಡವಾಗಿ ಹತ್ತು ಗಂಟೆ ದಾಟಿಸಿ ಬಂದರು. ಅಷ್ಟು ವರ್ಷದಲ್ಲಿ ಆ ಗೋಡೆಯನ್ನು ಆ ಹೊತ್ತಿನಲ್ಲಿ ಅವರು ನೋಡಿದ್ದು ಅದೇ ಮೊದಲು.

ಅರ್ಧ ಗೋಡೆಯೇ ಇದ್ದದ್ದು. ಆದರೆ ಆ ಅರ್ಧವೂ ಬಿಚ್ಚಿಕೊಂಡು, ಬಿಸಿಲಿಗೆ ಕಣ್ಣು ಕೋರೈಸುತ್ತಿತ್ತು. ಜೇನು ನೊಣಗಳು ಗುಂಯ್ ಅನ್ನುತ್ತಿದ್ದವು. ಬೋಳಾಗಿದ್ದ ಕಡೆ ಕಲ್ಲಿನ ಒಂದೊಂದು ಸಂದಿಯಲ್ಲೂ ಎಳೆ ಹಸಿರು ಸಾಲು ಹಿಡಿದು ಎದ್ದಿತ್ತು. ಯಜಮಾನರು ಹೂವನ್ನು ಒಂದು ಸಲ ನೋಡಿದರು. ಆಮೇಲೆ ಆ ಎಳೆ ಹಸಿರಿನ ಮುಂದೆ ಬಗ್ಗಿ, ಒಂದು ಚಿಗುರನ್ನು ಬೆರಳ ತುದಿಯಿಂದ ಮುಟ್ಟಿದರು.

ಆಳು ‘ಎಲ್ಲಿಂದ ಶುರು ಮಾಡಾಣ?’ ಅಂದ.

‘ಇದು ಪೈರು ಕಣಯ್ಯ’ ಅಂದರು ಯಜಮಾನರು, ಯಾರಿಗೋ ಹೇಳಿಕೊಂಡ ಹಾಗೆ. ಎದ್ದು ನಿಂತರು. ‘ಮೀಟ್ರೇ, ನಮ್ಮ ಹೊಲ ಅಳತೆ ಮಾಡಿ ತಗೊಂಡ್ರಲ್ಲ, ಅವತ್ತೂ ನಮ್ಮಪ್ಪ ಆಫೀಸರ್ರ ಮುಂದೆ ಒಂದೇ ಮಾತು ಕೇಳಿದ್ದು. ರಾಗಿ ಎದ್ದು ನಿಂತೈತೆ, ಕೊಯ್ಲಾಗ್ಲಿ, ಆಮೇಲೆ ಗೂಟ ಹೊಡ್ಕೊಳ್ರಿ ಅಂತ. ಅವರು ಕೇಳಲಿಲ್ಲ. ಪೈರಿನ ಮೇಲೇ ಸರಪಳಿ ಎಳೆದ್ರು.’ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡರು. ‘ನನ್ನ ಕೈಲಿ ಅದಾಗಲ್ಲ. ನಿನ್ನ ಕೊಯ್ಲಾಗ್ಲಿ. ಆಗ್ತಿದ್ದಂಗೆ ಒಡೀತೀನಿ, ಆಮೇಲೆ ಒಂದು ದಿನಾನೂ ಬಿಡಲ್ಲ. ಯಾವಾಗ ಹೇಳು ಇದರ ಕೊಯ್ಲು?’

ನಾವು ಆರು ಜನ ಜಗಲಿಯ ಅಂಚಿಗೆ ಬಂದು ನಿಂತೆವು. ದೀಪಾವಳಿ ಅನ್ನಬಹುದಿತ್ತು, ಮುಂದಿನ ಸಂಕ್ರಾಂತಿ ಅನ್ನಬಹುದಿತ್ತು, ಒಂದು ವರ್ಷವಾದರೂ ಸಿಗುತ್ತಿತ್ತು. ಅತ್ತೆ ಹಿಂದಿನಿಂದ ಕೈಸನ್ನೆ ಮಾಡುತ್ತಿದ್ದರು. ಆ ಮನುಷ್ಯನಿಗೆ ಸುಳ್ಳು ಬರುತ್ತಿರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು, ತೀರ್ಪುಗಾರರ ಮುಂದೆ ನಿಂತಿದ್ದ ಹಾಗೆಯೇ ನೆಟ್ಟಗೆ ನಿಂತು ಹೇಳಿದರು.

‘ಇದಕ್ಕೆ ಕೊಯ್ಲಿಲ್ಲ ಯಜಮಾನ್ರೇ. ಮುರಿದಷ್ಟೂ ಬರ್ತಾನೇ ಇರುತ್ತೆ.’

‘ಕೊಯ್ಲೇ ಇಲ್ವ?’

‘ಇಲ್ಲ.’

ಯಜಮಾನರು ಟವೆಲ್ಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಆಳುಗಳ ಕಡೆ ತಿರುಗಿದರು.

‘ಹಾರೆ ತಗೊಂಡು ನಡೀರ್ಲಾ. ಹಿಂದ್ಗಡೆ ಚರಂಡಿ ಕಟ್ಕೊಂಡೈತೆ.’